ಟೀಚರ್ ಪಾಸು ಮಾಡದ ಯೂನಿಕ್ಸ್

ನುಸಿಗುಳಿಗೆಯ ವಾಸನೆ ಬಂದರೆ ಬೇರೆಯವರಿಗೆ ಅಮ್ಮನ ರೇಷ್ಮೆ ಸೀರೆಯೋ ಅಜ್ಜಿಯ ಟ್ರಂಕೋ ನೆನಪಾಗಬಹುದು. ನನಗೆ ಯೂನಿಕ್ಸ್ ನೆನಪಾಗುತ್ತದೆ.

ಕಳೆದ ವಾರ ಕಂಬಳಿ ತೆಗೆಯಲು ಬೀರುವಿನ ಕೆಳಗಿನ ಖಾನೆ ಎಳೆದೆ. ಯಾವ ಕಾಲದಲ್ಲಿ ಹಾಕಿದ್ದೋ, ಸವೆದು ಕಡಲೆಕಾಳಿನಷ್ಟಾಗಿದ್ದ ಗುಳಿಗೆಗಳು ಉರುಳಿ ಬಂದವು. ವಾಸನೆ ಮೂಗಿಗೆ ಅಡರಿದ್ದೇ ತಡ, ಮೂಡಿಗೆರೆಯ ಸೊಸೈಟಿ ಕಟ್ಟಡದ ಮೆಟ್ಟಿಲು, ಮಹಡಿಯಿಂದ ಕೇಳುತ್ತಿದ್ದ ಟೈಪ್‌ರೈಟರುಗಳ ಗದ್ದಲ, ಆ ಗದ್ದಲದ ನಡುವೆಯೂ ಯಾವನೋ ಒಬ್ಬ ತಪ್ಪು ಅಕ್ಷರ ಒತ್ತಿದ್ದನ್ನು ಕಿವಿಯಿಂದಲೇ ಹಿಡಿಯುತ್ತಿದ್ದ ನಮ್ಮ ಟೀಚರ್... ಎಲ್ಲ ಒಟ್ಟಿಗೇ ಎದುರು ಬಂದು ನಿಂತರು. ಕಂಬಳಿಯನ್ನು ಅಲ್ಲೇ ಬಿಟ್ಟು ಸ್ವಲ್ಪ ಹೊತ್ತು ನೆಲದ ಮೇಲೆ ಕುಳಿತೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹಿರಿಯೂರಿನ ಕಡೆಯವಳು. ಬೆಂಗಳೂರಿನ ಒಂದು ಪುಟ್ಟ ಕಂಪನಿಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೂಡಿಗೆರೆಯ ಕಾಫಿ ಬೆಳೆಗಾರರ ಸೊಸೈಟಿಯೊಂದಕ್ಕೆ ನಮ್ಮ ಕಂಪನಿ ಕಂಪ್ಯೂಟರ್ ಮಾರಿತ್ತು. ಬೆಳೆಗಾರರು ಒಣಗಿಸಿ ತಂದು ಹಾಕುವ ಕಾಫಿಯಲ್ಲಿ ಯಾರದು ಎಷ್ಟು ಮೂಟೆ, ಯಾವ ದರ್ಜೆಯದು ಎಂಬ ಲೆಕ್ಕವನ್ನು ಇನ್ನು ಮೇಲೆ ಆ ಯಂತ್ರವೇ ಇಡಬೇಕಿತ್ತು. ಲೆಕ್ಕದ ಪ್ರೋಗ್ರಾಂ ಬರೆದವರು ಬೆಂಗಳೂರಿನಲ್ಲೇ ಉಳಿದರು. ಯಂತ್ರಕ್ಕೆ ಮೊದಲು ಯೂನಿಕ್ಸ್ ತುಂಬಿ, ಅದರ ಮೇಲೆ ಆ ಪ್ರೋಗ್ರಾಂ ಕೂರಿಸಿ, ಪರೀಕ್ಷೆ ಮಾಡಿಸಿ, ಸಹಿ ತೆಗೆದುಕೊಂಡು ಬಾ ಎಂದು ನನ್ನನ್ನು ಬಸ್ ಹತ್ತಿಸಿದರು. ಯೂನಿಕ್ಸ್ ಎಂದರೆ ಕಂಪ್ಯೂಟರಿಗೆ ಎದ್ದು ಕೂರುವುದನ್ನು, ಹೇಳಿದ್ದನ್ನು ಕೇಳುವುದನ್ನು ಕಲಿಸುವ ಮೂಲ ವ್ಯವಸ್ಥೆ. ಅದಿಲ್ಲದಿದ್ದರೆ ಅಷ್ಟು ದೊಡ್ಡ ಪೆಟ್ಟಿಗೆ ಬರೀ ಪೆಟ್ಟಿಗೆಯೇ.

ಸಹಿಯ ವಿಷಯದಲ್ಲಿ ಒಂದು ತೊಡಕಿತ್ತು. ಒಪ್ಪಂದ ಬರೆಯುವಾಗ ಯಾರೋ ಎಚ್ಚರಿಕೆಯ ಮನುಷ್ಯರು, ಕಂಪನಿಗೂ ಸೊಸೈಟಿಗೂ ಸೇರದ ಮೂರನೆಯವರೊಬ್ಬರು ಪರೀಕ್ಷಿಸಿ ಒಪ್ಪಬೇಕು ಎಂಬ ಸಾಲನ್ನು ಸೇರಿಸಿದ್ದರು. ಸೊಸೈಟಿಯ ಅಧ್ಯಕ್ಷರು ದೊಡ್ಡ ಪ್ಲಾಂಟರು. ಬಣಕಲ್ ಹತ್ತಿರ ಅವರ ಎಸ್ಟೇಟು. ಅವರು ಯೋಚನೆಯನ್ನೇ ಮಾಡದೆ ಹೇಳಿದರು:

"ಮೇಲೆ ಟೈಪಿಂಗ್ ಟೀಚರ್ ಇದ್ದಾರಲ್ಲ. ಕೀಲಿ ಒತ್ತಕ್ಕೆ ಬರ್ತದೆ, ಸಹಿ ಹಾಕಕ್ಕೂ ಬರ್ತದೆ. ಇನ್ನೆಂತ ಬೇಕು?"

ಆ ಮಾತಿಗೆ ಅಲ್ಲಿದ್ದ ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ಆಗ ಅರ್ಥವಾಗಲಿಲ್ಲ. ಅವರೆಲ್ಲ ಟೀಚರ ಹತ್ತಿರ ಕಲಿತವರು. ಅಧ್ಯಕ್ಷರೊಬ್ಬರೇ ಕಲಿತಿರಲಿಲ್ಲ.

ಟೀಚರ್ ಐವತ್ತು ದಾಟಿದವರು. ಸಪೂರ ಮೈ, ಬಿಗಿಯಾಗಿ ಕಟ್ಟಿದ ತುರುಬು, ಮೂಗಿನ ತುದಿಯಲ್ಲಿ ಕನ್ನಡಕ. ಮದುವೆಯಾಗಿರಲಿಲ್ಲ. ಸೊಸೈಟಿಯ ಮಹಡಿಯಲ್ಲಿ ಬಾಡಿಗೆಗೆ ಹಿಡಿದ ಉದ್ದನೆಯ ಕೋಣೆಯಲ್ಲಿ ಇಂಗ್ಲಿಷ್, ಕನ್ನಡ ಎರಡೂ ಟೈಪಿಂಗ್ ಕಲಿಸುತ್ತಿದ್ದರು. ಅದರ ಹಿಂಭಾಗದಲ್ಲೇ ಮನೆ. ಸುತ್ತಿನ ಎಸ್ಟೇಟುಗಳ ರೈಟರುಗಳೆಲ್ಲ ಅವರ ಶಿಷ್ಯರು. ರೈಟರ್ ಎಂದರೆ ಆ ಕಡೆ ಎಸ್ಟೇಟಿನ ಲೆಕ್ಕಪತ್ರ ಬರೆಯುವವರು. ಆಳುಗಳನ್ನು ಗದರಿಸಿ ಗಂಟಲು ಗಟ್ಟಿಯಾದ, ಮೀಸೆ ಬಿಟ್ಟ ಆ ಗಂಡಸರು ಬಸ್ ಸ್ಟ್ಯಾಂಡಿನಲ್ಲಿ ಟೀಚರನ್ನು ಕಂಡರೆ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಿದ್ದರು. ಉಗುರು ಬೆಳೆದಿದೆಯೇ ಎಂದು ಅವರು ರಸ್ತೆಯಲ್ಲೇ ನಿಲ್ಲಿಸಿ ನೋಡುತ್ತಿದ್ದರಂತೆ. ಅಂಗಡಿಯ ಬೋರ್ಡು, ಮದುವೆಯ ಕರೆಯೋಲೆ, ಬಸ್ಸಿನ ಮೇಲಿನ ಊರಿನ ಹೆಸರು, ಎಲ್ಲಿ ತಪ್ಪು ಕಂಡರೂ ಸುಮ್ಮನೆ ಹೋದವರಲ್ಲ. ಹೋಟೆಲಿನ ಕರಿಹಲಗೆಯಲ್ಲಿ ತಪ್ಪಾಗಿ ಬರೆದಿದ್ದ ತಿಂಡಿಯ ಹೆಸರನ್ನು ಸೀರೆಯ ಸೆರಗಿನಿಂದ ಒರೆಸಿ, ಸರಿಯಾಗಿ ಬರೆದು, ಅದೇ ತಿಂಡಿ ತರಿಸಿಕೊಂಡು ತಿಂದ ಕಥೆಯನ್ನು ಊರವರೇ ನನಗೆ ಹೇಳಿದ್ದರು.

ನಾನು ಅವರ ಮನೆಯಲ್ಲೇ ಉಳಿದುಕೊಳ್ಳುವ ಏರ್ಪಾಡಾಯಿತು. ಮೊದಲ ದಿನ ಅಕ್ಕಿರೊಟ್ಟಿ ಬಡಿಸುತ್ತ, "ಬೆನ್ನು ನೆಟ್ಟಗೆ ಇಟ್ಟು ತಿನ್ನು ಮಾರಾಯ್ತಿ. ಬಗ್ಗಿ ತಿನ್ನೋರು ಬಗ್ಗಿಯೇ ಟೈಪ್ ಮಾಡ್ತಾರೆ" ಎಂದರು. ನಾನು ಹಾಗೇ ಟೈಪ್ ಮಾಡುತ್ತಿದ್ದೆ, ಅದೂ ಎರಡೇ ಬೆರಳಿನಲ್ಲಿ. ಅದನ್ನು ಅವರು ನೋಡಿದ ದಿನದ ಬಗ್ಗೆ ಬರೆಯದಿರುವುದೇ ಒಳ್ಳೆಯದು.

ಯೂನಿಕ್ಸ್ ಬಂದದ್ದು ಫ್ಲಾಪಿಗಳಲ್ಲಿ. ಅಂಗೈಯಗಲದ ತೆಳು ಚೌಕಗಳು, ಒಂದು ದೊಡ್ಡ ಡಬ್ಬಿಯ ತುಂಬ. ಒಂದೊಂದನ್ನೇ ಸರದಿಯ ಪ್ರಕಾರ ಯಂತ್ರದ ಬಾಯಿಗೆ ಇಡಬೇಕು. ಅದು ಗರಗರ ಎಂದು ಓದಿಕೊಂಡು ಮುಂದಿನದನ್ನು ಕೇಳಬೇಕು. ಬೆಂಗಳೂರಿನಲ್ಲಿ ಬೆಳಗಿನಲ್ಲಿ ಶುರು ಮಾಡಿದರೆ ಊಟದ ಹೊತ್ತಿಗೆ ಮುಗಿಯುತ್ತಿದ್ದ ಕೆಲಸ. ಮೂಡಿಗೆರೆಯಲ್ಲಿ ನಾನು ಶುರು ಮಾಡಿದ್ದು ಆಷಾಢದಲ್ಲಿ. ಅರ್ಧ ದಾರಿಯಲ್ಲಿ ಕರೆಂಟು ಹೋಗುತ್ತಿತ್ತು. ಕರೆಂಟು ಇದ್ದ ದಿನ ಯಂತ್ರವೇ ಯಾವುದಾದರೊಂದು ಫ್ಲಾಪಿಯನ್ನು ಓದಲಾರೆ ಎಂದು ಮುಷ್ಕರ ಹೂಡುತ್ತಿತ್ತು. ಮತ್ತೆ ಮೊದಲಿನಿಂದ. ಒಂದು ದಿನ ಫ್ಲಾಪಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಕಪ್ಪು ತಟ್ಟೆಯ ಮೇಲೆ ಬೂದಿ ಎರಚಿದ ಹಾಗೆ ಬೂಷ್ಟು ಹಿಡಿದಿತ್ತು. ಚಪ್ಪಲಿಗೆ, ಬೆಲ್ಟಿಗೆ, ಉಪ್ಪಿನಕಾಯಿಗೆ ಹಿಡಿಯುವ ಬೂಷ್ಟು ಯೂನಿಕ್ಸಿಗೂ ಹಿಡಿಯುತ್ತದೆ ಎಂದು ನನ್ನ ಕೋರ್ಸಿನಲ್ಲಿ ಯಾರೂ ಹೇಳಿರಲಿಲ್ಲ.

ಬೆಂಗಳೂರಿನಿಂದ ಬಸ್ಸಿನಲ್ಲಿ ಹೊಸ ಡಬ್ಬಿ ತರಿಸಿದೆ. ಅದನ್ನು ಬೆಚ್ಚಗಿಡಬೇಕೆಂದು ಸೊಸೈಟಿಯ ಗೋದಾಮಿನ ಮೇಸ್ತ್ರಿಯೊಬ್ಬರು, ನನ್ನನ್ನು ಕೇಳದೆ, ಮಳೆಗೆ ತೇವ ಕುಡಿದ ಕಾಫಿಯನ್ನು ಮತ್ತೆ ಒಣಗಿಸುವ ಯಂತ್ರದ ಹತ್ತಿರ ಒಯ್ದು ಇಟ್ಟರು. ಸಂಜೆ ಹೋಗಿ ನೋಡಿದರೆ ಫ್ಲಾಪಿಗಳು ಹಪ್ಪಳದಂತೆ ಡೊಂಕಾಗಿದ್ದವು. ಮೇಸ್ತ್ರಿ ಒಂದನ್ನು ಎತ್ತಿ ಬಗ್ಗಿಸಿ ನೋಡಿ, "ತೇವ ಪೂರ್ತಿ ಹೋಗಿದೆ ನೋಡಿ ಅಮ್ಮ" ಎಂದರು ಸಂತೋಷದಿಂದ.

ಮೂರನೆಯ ಡಬ್ಬಿಯನ್ನು ಟೀಚರ್ ತಮ್ಮ ವಶಕ್ಕೆ ತೆಗೆದುಕೊಂಡರು. ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ, ಒಳಗೆ ಹಳೆಯ ರೇಷ್ಮೆ ಬಟ್ಟೆ, ನಾಲ್ಕು ಮೂಲೆಗೂ ನುಸಿಗುಳಿಗೆ. ಬೂಷ್ಟಿಗೂ ನುಸಿಗುಳಿಗೆಗೂ ಸಂಬಂಧವಿಲ್ಲ, ಅದು ಹುಳಕ್ಕೆ ಎಂದು ನಾನು ವಾದಿಸಿದೆ. "ಹುಳನೂ ಬರಬಾರ್ದಲ್ಲ" ಎಂದರು. ಆಮೇಲೆ ಯಂತ್ರದಿಂದ ಬೀಸುವ ಬಿಸಿಗಾಳಿಗೂ ಅದೇ ವಾಸನೆ ಬಂತು. ಮಾತು ಕೇಳುವ ಯಂತ್ರಕ್ಕಿಂತ ಮದುವೆ ಮನೆಗೆ ಹೊರಟ ಹೆಂಗಸಿನಂತೆ ಇತ್ತು ಅದು. ಆದರೆ ಆ ಸಲ ಯೂನಿಕ್ಸ್ ಪೂರ್ತಿ ತುಂಬಿತು. ಗುಳಿಗೆಯಿಂದಲೋ, ಆ ವಾರ ಬಿಸಿಲು ಬಂದದ್ದರಿಂದಲೋ... ಇವತ್ತಿಗೂ ನನಗೆ ಗೊತ್ತಿಲ್ಲ. ಟೀಚರಿಗೆ ಮಾತ್ರ ಅನುಮಾನವೇ ಇರಲಿಲ್ಲ.

ಪರೀಕ್ಷೆ ಶುರುವಾದ ದಿನ ಅವರಿಗೆ ಯಂತ್ರದ ಮುಂದೆ ಕುರ್ಚಿ ಹಾಕಿದೆ. ಹೆಸರು ಹೇಳಿ ಒಳಗೆ ಹೋಗಬೇಕು ಎಂದೆ. ಶೀರ್ಷಿಕೆಯಲ್ಲಿ ಬರುವ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲೇ, ಅಂದರೆ ಕ್ಯಾಪಿಟಲಿನಲ್ಲೇ, ಹೊಡೆಯಬೇಕೆಂಬುದು ಟೈಪಿಂಗಿನ ನಿಯಮ. ಅವರು ದೊಡ್ಡ ಅಕ್ಷರದ ಕೀಲಿಯನ್ನು ಬಿಗಿದು ತಮ್ಮ ಹೆಸರು ಒತ್ತಿದರು. ಕೂಡಲೇ ಯಂತ್ರ ತಾನೂ ದೊಡ್ಡ ಅಕ್ಷರದಲ್ಲೇ ಮಾತಾಡತೊಡಗಿತು. ಏನು ಕೇಳಿದರೂ ಪರದೆಯ ತುಂಬ ಕಿರುಚಾಟ. ಕೀಲಿ ಬಿಚ್ಚಿದರೂ ನಿಲ್ಲಲಿಲ್ಲ. ಬೂಷ್ಟು ಈಗ ಯಂತ್ರದೊಳಗಿನ ಡಿಸ್ಕಿಗೇ ಏರಿತು ಎಂದುಕೊಂಡೆ. ಬೆಂಗಳೂರಿಗೆ ಟ್ರಂಕ್‌ಕಾಲ್ ಬುಕ್ ಮಾಡಿ ಮಧ್ಯಾಹ್ನದವರೆಗೆ ಕಾದೆ. ಅಲ್ಲಿನ ಒಬ್ಬ ಹಿರಿಯರು ನಕ್ಕು ವಿವರಿಸಿದರು. ಸಣ್ಣ ಅಕ್ಷರವೇ ಇಲ್ಲದ ಹಳೆಯ ಕಾಲದ ಯಂತ್ರಗಳು ಕೆಲವಿದ್ದವಂತೆ. ಹೆಸರನ್ನು ದೊಡ್ಡ ಅಕ್ಷರದಲ್ಲಿ ಹೇಳಿದರೆ, ಪಾಪ ಇವರ ಬಳಿ ಅಂಥ ಯಂತ್ರವೇ ಇರಬೇಕು ಎಂದು ಯೂನಿಕ್ಸ್ ತಿಳಿದುಕೊಂಡು, ತಾನೂ ಹಾಗೇ ಉತ್ತರ ಕೊಡುತ್ತದೆ. ಹೊರಗೆ ಬಂದು, ಸಣ್ಣ ಅಕ್ಷರದಲ್ಲಿ ಹೆಸರು ಹೇಳಿ ಮತ್ತೆ ಒಳಗೆ ಹೋದರಾಯಿತು.

ನಾನು ಬೆವರು ಒರೆಸಿಕೊಳ್ಳುತ್ತ ಹಿಂದಿರುಗಿ ಇದನ್ನೆಲ್ಲ ಹೇಳಿದೆ. ಟೀಚರ್ ತಲೆಯಾಡಿಸಿದರು. "ನಾನು ಜೋರಾಗಿ ಹೇಳ್ದೆ, ಅದೂ ಜೋರಾಗಿ ಹೇಳ್ತು. ಇದಕ್ಕೆ ಬೆಂಗಳೂರಿಗೆ ಯಾಕೆ ಫೋನ್ ಮಾಡಿದ್ದು?"

ಅವರಿಗೆ ಯೂನಿಕ್ಸ್‌ನ ಬಗ್ಗೆ ಇದ್ದ ದೂರುಗಳು ಬೇರೆಯವು. ಮೊದಲನೆಯದು, ಆಜ್ಞೆಗಾಗಿ ಕಾಯುವಾಗ ಅದು ಪರದೆಯ ಎಡಕ್ಕೆ ಡಾಲರ್ ಗುರುತು ತೋರಿಸುತ್ತದೆ. ಕಾಫಿ ಬೆಳೆದವರು ಇಲ್ಲಿಯವರು, ಸೊಸೈಟಿ ಇಲ್ಲಿಯದು, ಡಾಲರಿಗೆ ಇಲ್ಲೇನು ಕೆಲಸ ಎಂದರು. ಎರಡನೆಯದು ಇನ್ನೂ ಗಂಭೀರ. ಹೇಳಿದ ಕೆಲಸ ಮಾಡಿ ಮುಗಿಸಿದರೆ ಯೂನಿಕ್ಸ್ ಏನೂ ಹೇಳುವುದಿಲ್ಲ. ತಪ್ಪಾದರೆ ಮಾತ್ರ ಬಾಯಿ ಬಿಡುತ್ತದೆ. "ಕೆಲ್ಸ ಹೇಳಿದ್ರೆ ಮಾಡಿದೆ ಅಂತ ಬಂದು ಹೇಳ್ಬೇಕು. ಮಾಡಿ ಮುಖ ತಿರುಗಿಸ್ಕೊಂಡು ಹೋಗೋದು ಎಂತ ಮರ್ಯಾದೆ?" ನಾನು ಕುಳಿತು ಎರಡನ್ನೂ ಸರಿಪಡಿಸಿದೆ. ಡಾಲರಿನ ಜಾಗದಲ್ಲಿ 'ಎಸ್ ಟೀಚರ್' ಎಂದು ಇಂಗ್ಲಿಷಿನಲ್ಲಿ ಬರುವಂತೆ ಮಾಡಿದೆ. ಕೆಲಸ ಮುಗಿದಾಗಲೆಲ್ಲ 'ಮುಗಿಯಿತು' ಎಂಬರ್ಥದ ಒಂದು ಸಾಲು. ಅವರು ಕನ್ನಡಕ ಸರಿಮಾಡಿಕೊಂಡು ಓದಿ, "ಈಗ ಸ್ವಲ್ಪ ಮನುಷ್ಯರ ಹಾಗೆ ಆಯ್ತು" ಎಂದರು. ಕೈಪಿಡಿಯನ್ನು ಮಾತ್ರ ಅವರು ಪೂರ್ತಿ ಓದಲಿಲ್ಲ. ತಂದೆ ಸತ್ತರೆ ಮಗು ಅನಾಥವಾಗುತ್ತದೆ, ಬೇಡವಾದ ಮಗುವನ್ನು ಹೀಗೆ ಕೊಲ್ಲಬಹುದು ಎಂದು ತಣ್ಣಗೆ ಬರೆದಿದ್ದ ಪುಟ ಬಂದಾಗ ಮುಚ್ಚಿಟ್ಟವರು ಮತ್ತೆ ತೆರೆಯಲಿಲ್ಲ. ಅದು ಯಂತ್ರದೊಳಗಿನ ಕೆಲಸಗಳ ಹೆಸರು ಎಂದು ಎಷ್ಟು ಹೇಳಿದರೂ, "ಹೆಸರಿಡೋವಾಗ ನೋಡ್ಬೇಕಿತ್ತು" ಎನ್ನುವುದೇ ಅವರ ಕೊನೆಯ ಮಾತು.

ಪರೀಕ್ಷೆಯ ವಿಷಯದಲ್ಲಿ ಮಾತ್ರ ಅವರ ಹಟ ನನ್ನ ಜೀವ ಹಿಂಡಿತು. ಟೈಪಿಂಗ್ ಪರೀಕ್ಷೆಯಲ್ಲಿ ತಪ್ಪಾದರೆ ರಬ್ಬರಿನಿಂದ ಅಳಿಸಿ ಮುಂದುವರಿಯುವಂತಿಲ್ಲ. ಹಾಳೆ ತೆಗೆದು, ಹೊಸ ಹಾಳೆ ಹಾಕಿ, ಮೊದಲ ಸಾಲಿನಿಂದ ಹೊಡೆಯಬೇಕು. ಇಲ್ಲೂ ಅದೇ ನಿಯಮ. ಪ್ರೋಗ್ರಾಂನಲ್ಲಿ ಒಂದು ತಪ್ಪು ಸಿಕ್ಕಿ ನಾನು ತಿದ್ದಿದರೆ, "ಸರಿ, ಹೊಸ ಹಾಳೆ ಹಾಕು" ಎನ್ನುತ್ತಿದ್ದರು. ಹಾಗೆಂದರೆ ಡಿಸ್ಕನ್ನು ಪೂರ್ತಿ ಅಳಿಸಿ, ಬಿಸ್ಕತ್ತಿನ ಡಬ್ಬ ತೆಗೆದು, ಯೂನಿಕ್ಸನ್ನು ಮೊದಲ ಫ್ಲಾಪಿಯಿಂದ ತುಂಬಿ, ಎಲ್ಲವನ್ನೂ ಮತ್ತೆ ಹೊಂದಿಸುವುದು. ಅಷ್ಟು ಬೇಡ ಟೀಚರ್ ಎಂದು ಅಂಗಲಾಚಿದೆ. ಹಳೆಯ ತಪ್ಪಿನ ಗುರುತು ಎಲ್ಲೋ ಉಳಿದಿರುತ್ತದೆ ಎಂದರು. ಆಗ ಅದು ಬರೀ ಕಾಟವೆಂದು ತೋರಿತ್ತು. ಯೂನಿಕ್ಸ್ ತುಂಬುವುದನ್ನು ನಾನು ಕಣ್ಣು ಮುಚ್ಚಿ ಮಾಡುವಷ್ಟು ಕಲಿತದ್ದು ಹಾಗೆ. ಹತ್ತೂ ಬೆರಳಿನಲ್ಲಿ ಕಲಿತದ್ದೂ ಹಾಗೆಯೇ.

ಮಳೆ ಇಳಿಯುವ ಹೊತ್ತಿಗೆ ಅವರು ಹಿಂದಿನ ವರ್ಷ ಕಾಫಿ ಹಾಕಿದ ಬೆಳೆಗಾರರ ಹೆಸರುಗಳನ್ನೆಲ್ಲ ಒಬ್ಬೊಬ್ಬರಾಗಿ ಹೊಡೆದು ಮುಗಿಸಿದ್ದರು. ಕಳಸ ಹೋಬಳಿಯಿಂದ ಶುರು. ಹೊಡೆದದ್ದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಕಿಟಕಿಯ ಬಳಿ ಕುಳಿತು, ಬೆರಳಿಟ್ಟು ಓದಿದರು. ಓದಿ ಮುಗಿಸಿ ನನ್ನನ್ನು ಕರೆದರು.

"ನನ್ನ ಲಕ್ಷ್ಮೀನಾರಾಯಣರೆಲ್ಲ ಎಲ್ಲಿ ಹೋದ್ರು?"

"ಇದ್ದಾರಲ್ಲ ಟೀಚರ್, ಇಲ್ಲಿ."

"ಇವ್ರು ಕಳಸದ ಭಟ್ರು. ಒಬ್ರೇ. ನಾನು ಹೊಡೆದಿದ್ದು ಭಟ್ರು, ಅಂಗಡಿ ಶೆಟ್ರು, ಆಮೇಲೆ ಗೌಡ್ರು. ಇಬ್ರನ್ನ ಇದು ನುಂಗಿದೆ."

ನುಂಗಿರಲಿಲ್ಲ, ಒಟ್ಟು ಸೇರಿಸಿತ್ತು. ಪ್ರೋಗ್ರಾಂ ಬರೆದವರು ಪ್ರತಿ ಬೆಳೆಗಾರರ ಲೆಕ್ಕವನ್ನೂ ಅವರವರ ಹೆಸರಿನ ಫೈಲಿನಲ್ಲಿ ಇಟ್ಟಿದ್ದರು. ಆ ಕಾಲದ ಯೂನಿಕ್ಸ್ ಫೈಲಿನ ಹೆಸರಿನಲ್ಲಿ ಹದಿನಾಲ್ಕು ಅಕ್ಷರದವರೆಗೆ ಮಾತ್ರ ಓದುತ್ತಿತ್ತು. ಮುಂದಿನದನ್ನು, ಅದರ ಸ್ವಭಾವದಂತೆ, ಏನೂ ಹೇಳದೆ ಬಿಟ್ಟುಬಿಡುತ್ತಿತ್ತು. ಲಕ್ಷ್ಮೀನಾರಾಯಣ ಎಂದು ಇಂಗ್ಲಿಷಿನಲ್ಲಿ ಬರೆಯಲು ಹದಿನೈದು ಅಕ್ಷರ ಬೇಕು. ಮುಂದೆ ಭಟ್ಟರೋ ಶೆಟ್ಟರೋ ಗೌಡರೋ ಎಂದು ನೋಡುವ ಮೊದಲೇ ಯೂನಿಕ್ಸ್ ಕಣ್ಣು ಮುಚ್ಚುತ್ತಿತ್ತು. ಅದರ ಪಾಲಿಗೆ ತಾಲ್ಲೂಕಿನ ಲಕ್ಷ್ಮೀನಾರಾಯಣರೆಲ್ಲ ಒಬ್ಬರೇ. ಮೊದಲು ಬಂದವರು ಕಳಸದ ಭಟ್ಟರಾದ್ದರಿಂದ ಎಲ್ಲರ ಕಾಫಿಯೂ ಅವರ ಲೆಕ್ಕಕ್ಕೆ ಬಿದ್ದಿತ್ತು.

ಗೌಡರು ಎಂದರೆ ಯಾರು ಎಂದು ನನಗೆ ಹೊಳೆದದ್ದು ಆಮೇಲೆ. ಊರೆಲ್ಲ ಅವರನ್ನು ಅಧ್ಯಕ್ಷರು ಎಂದೇ ಕರೆಯುತ್ತಿದ್ದುದರಿಂದ, ಅವರಿಗೂ ಒಂದು ಹೆಸರಿದೆ, ಅದು ಲಕ್ಷ್ಮೀನಾರಾಯಣ ಗೌಡ ಎಂಬುದು ನನಗೆ ಮರೆತೇಹೋಗಿತ್ತು.

ಆ ಹೊತ್ತಿಗೆ ಉದ್ಘಾಟನೆಯ ದಿನ ಗೊತ್ತಾಗಿತ್ತು. ಚಿಕ್ಕಮಗಳೂರಿನಿಂದ ದೊಡ್ಡ ಅಧಿಕಾರಿ ಬರುವವರಿದ್ದರು. ಶಾಮಿಯಾನದವರಿಗೆ, ಅಡಿಗೆಯವರಿಗೆ ಹೇಳಿ ಆಗಿತ್ತು. ನಾನು ಬೆಂಗಳೂರಿಗೆ ಫೋನ್ ಮಾಡಿದೆ. ನಮ್ಮ ಬಾಸ್, ಅದನ್ನು ಸರಿಮಾಡಲು ಪ್ರೋಗ್ರಾಂನ ಬುಡವನ್ನೇ ಬದಲಿಸಬೇಕು, ಉದ್ಘಾಟನೆ ಆದ ಮೇಲೆ ನೋಡೋಣ, ಈಗ ಸಹಿ ತೆಗೆದುಕೋ ಎಂದರು. ಕಾಯಂ ಆಗುವ ವಿಷಯವನ್ನೂ ಸಹಜವಾಗಿಯೇ ಸೇರಿಸಿದರು. ಮಗಳು ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ ಎಂದು ಅಪ್ಪ ಊರಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು.

ಟೀಚರ್ ಸಹಿ ಹಾಕಲಿಲ್ಲ. ಅಧ್ಯಕ್ಷರೇ ಅವರನ್ನು ಕೆಳಗೆ ಕರೆಸಿ ನಯವಾಗಿ ಕೇಳಿದರು.

"ಒಂದು ಅಕ್ಷರದ ವಿಷ್ಯಕ್ಕೆ ಇಷ್ಟೊಂದು ಯಾಕೆ ಟೀಚರೇ? ಸಮಾರಂಭ ಒಂದು ಮುಗೀಲಿ."

"ಒಂದಕ್ಷರ ತಪ್ಪಿದೋರನ್ನ ನಾನು ಪಾಸು ಮಾಡಿಲ್ಲ. ನಿಮ್ಮ ರೈಟರನ್ನೇ ಕೇಳಿ. ಮೂರು ಸಲ ಕೂತಿದ್ದಾನೆ."

ಅಧ್ಯಕ್ಷರು ಸ್ವಲ್ಪ ಹೊತ್ತು ಮೇಜಿನ ಮೇಲೆ ಬೆರಳಾಡಿಸಿದರು. ಆಮೇಲೆ ಬೇರೆಲ್ಲೋ ನೋಡುತ್ತ, ಕಂಪ್ಯೂಟರ್ ಬಂದ ಮೇಲೆ ಸೊಸೈಟಿಗೆ ಜಾಗ ಸಾಲುವುದಿಲ್ಲ, ಮೇಲಿನ ಕೋಣೆ ಬೇಕಾಗಬಹುದು ಎಂದರು. ಅದು ಬೆದರಿಕೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಆ ಕೋಣೆ ಹೋದರೆ ಅವರ ಇನ್‌ಸ್ಟಿಟ್ಯೂಟೂ ಹೋಯಿತು, ಮನೆಯೂ ಹೋಯಿತು. ಟೀಚರ್, "ಬೇಕಾದಾಗ ಹೇಳಿ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ಆ ಸಂಜೆ ತರಗತಿಯಲ್ಲಿ ಅವರು ಯಾರ ತಪ್ಪನ್ನೂ ಹಿಡಿಯಲಿಲ್ಲ. ಹುಡುಗಿಯರು ಅದನ್ನೇ ಪಿಸುಗುಟ್ಟುತ್ತ ಮನೆಗೆ ಹೋದರು.

ಉದ್ಘಾಟನೆ ಸಹಿಯಿಲ್ಲದೆಯೇ ನಡೆಯಿತು. ಶಾಮಿಯಾನದಲ್ಲಿ ಜನ ತುಂಬಿತ್ತು. ಬಾಬಾಬುಡನ್‌ಗಿರಿಯ ತಪ್ಪಲಿನಿಂದಲೂ ಪ್ಲಾಂಟರುಗಳು ಜೀಪುಗಳಲ್ಲಿ ಬಂದಿದ್ದರು. ಯಂತ್ರಕ್ಕೆ ಹೂವಿನ ಹಾರ ಹಾಕಿ ಕುಂಕುಮ ಇಟ್ಟಿದ್ದರು. ಅಧ್ಯಕ್ಷರು ಭಾಷಣ ಮಾಡಿ, ಮನುಷ್ಯ ಎಂದ ಮೇಲೆ ತಪ್ಪುತ್ತಾನೆ, ಆದರೆ ಈ ಯಂತ್ರ ತಪ್ಪಿದ್ದು ಎಂಬುದಿಲ್ಲ ಎಂದರು. ಜೋರು ಚಪ್ಪಾಳೆ. ಆಮೇಲೆ ಯಂತ್ರದ ಚಮತ್ಕಾರ ತೋರಿಸಲು, ಸೊಸೈಟಿಗೆ ಅತಿ ಹೆಚ್ಚು ಕಾಫಿ ಹಾಕಿದ ಬೆಳೆಗಾರರು ಯಾರೆಂದು ಅದನ್ನೇ ಕೇಳಬೇಕು, ಅಧಿಕಾರಿಗಳು ಓದಬೇಕು, ಆ ಬೆಳೆಗಾರರಿಗೆ ಅಲ್ಲೇ ಶಾಲು ಹೊದಿಸಬೇಕು ಎಂಬುದು ಕಾರ್ಯಕ್ರಮ. ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ಅಧ್ಯಕ್ಷರು ಭುಜ ಸರಿಮಾಡಿಕೊಂಡು ನಿಂತಿದ್ದರು.

ನಾನು ಹಿಂದಿನ ದಿನವೇ ಎರಡು ಸಲ ಹೇಳಿದ್ದೆ, ಆ ಪ್ರಶ್ನೆ ಮಾತ್ರ ಬೇಡ ಎಂದು. "ನಿನ್ನೆ ಮೊನ್ನೆ ಬಂದೋಳು, ಸುಮ್ನಿರಮ್ಮ" ಎಂದು ಅಧ್ಯಕ್ಷರು ಕಾರಣ ಕೇಳದೆಯೇ ಬಾಯಿ ಮುಚ್ಚಿಸಿದ್ದರು.

ಕೀಲಿ ಒತ್ತಿದೆ. ಪ್ರಿಂಟರು ಕಿರಿಕಿರಿ ಸದ್ದು ಮಾಡುತ್ತ ಕಾಗದ ಹೊರಹಾಕಿತು. ಅಧಿಕಾರಿಗಳು ಹರಿದುಕೊಂಡು, ಕನ್ನಡಕ ಹಾಕಿಕೊಂಡು, ಮೈಕಿನಲ್ಲಿ ಓದಿದರು.

"ಕಳಸ ಹೋಬಳಿಯ ಶ್ರೀ ಲಕ್ಷ್ಮೀನಾರಾಯಣ ಭಟ್ಟರು. ಎಲ್ಲಿದ್ದಾರೆ? ದಯವಿಟ್ಟು ವೇದಿಕೆಗೆ ಬರಬೇಕು."

ಭಟ್ಟರು ಬಂದಿದ್ದರು. ಊಟದ ವ್ಯವಸ್ಥೆ ಇದೆ ಎಂದು ಯಾರೋ ಹೇಳಿದ್ದರಂತೆ. ಪಕ್ಕದವರು ತಳ್ಳಿ ಎಬ್ಬಿಸಿದರು. ಮುದುಡಿದ ಪಂಚೆಯ ಆ ಸಣ್ಣ ಮನುಷ್ಯ ವೇದಿಕೆ ಹತ್ತಿ ಕೈಮುಗಿದು, "ಹಿತ್ಲಲ್ಲಿ ನಾಲ್ಕು ಗಿಡ ಇದೆ ಅಷ್ಟೆ ಸ್ವಾಮಿ. ವರ್ಷಕ್ಕೆ ಒಂದು ಮೂಟೆ ಆದ್ರೆ ಹೆಚ್ಚು" ಎಂದರು. ಮೈಕು ಅದನ್ನು ಎಲ್ಲರಿಗೂ ಕೇಳಿಸಿತು.

"ಎಂಥ ವಿನಯ ನೋಡಿ" ಎಂದರು ಅಧಿಕಾರಿಗಳು, ಸಭೆಯ ಕಡೆ ತಿರುಗಿ. "ದೊಡ್ಡ ಬೆಳೆಗಾರರು ಇವರಿಂದ ಕಲಿಯಬೇಕು." ಮತ್ತು ಶಾಲು ಹೊದಿಸಿದರು.

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಹಿಂದಿನ ಸಾಲಿನ ರೈಟರುಗಳಿರಬೇಕು. ಆಮೇಲೆ ಇಡೀ ಶಾಮಿಯಾನ ಅಲ್ಲಾಡಿತು. ಪಾಪ, ಅಧಿಕಾರಿಗಳು ಅದನ್ನು ಸಂತೋಷ ಎಂದುಕೊಂಡು ತಾವೂ ನಕ್ಕರು. ಭಟ್ಟರು ಶಾಲು ತೆಗೆದು ಅಧ್ಯಕ್ಷರ ಕಡೆ ಚಾಚಿದರು. ಅಧ್ಯಕ್ಷರ ಮುಖ ಕಾಫಿಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆದರೂ ಹಲ್ಲು ಕಚ್ಚಿ, "ಇಟ್ಕೊಳ್ಳಿ ಭಟ್ರೇ, ಚಳಿಗಾಲ ಬಂತು" ಎಂದರು. ಆ ಒಂದು ಮಾತಿಗಾಗಿ ನನಗೆ ಅವರ ಮೇಲೆ ಆಮೇಲೂ ಗೌರವ ಉಳಿಯಿತು. ನಾನು ಟೀಚರನ್ನು ಹುಡುಕಿದೆ. ಕೊನೆಯ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಅಷ್ಟು ಜನರಲ್ಲಿ ನಗದೆ ಇದ್ದವರು ಅವರೊಬ್ಬರೇ.

ಮರುದಿನ ತರಗತಿ ನಡೆಯುತ್ತಿರುವಾಗ ಅಧ್ಯಕ್ಷರು ಮೆಟ್ಟಿಲು ಹತ್ತಿ ಬಂದರು. ಟೀಚರ್ ಪಾಠ ನಿಲ್ಲಿಸಲಿಲ್ಲ. ಖಾಲಿ ಇದ್ದ ಸ್ಟೂಲು ತೋರಿಸಿದರು. ಇಡೀ ಸೊಸೈಟಿಯನ್ನು ಆಳುವ ಮನುಷ್ಯ ಹದಿನೇಳರ ಹುಡುಗಿಯರ ನಡುವೆ ಒಂದು ಟೈಪ್‌ರೈಟರಿನ ಮುಂದೆ ಕುಳಿತು ಕಾದರು. ಬೇಸರಕ್ಕೋ ಏನೋ, ಒಂದು ಕೀಲಿಯನ್ನು ಮೆಲ್ಲಗೆ ಒತ್ತಿದರು.

"ಯಾರದು, ತೋರುಬೆರಳಲ್ಲಿ ಒತ್ತಿದ್ದು?" ಎಂದರು ಟೀಚರ್, ಕರಿಹಲಗೆಯಿಂದ ತಿರುಗದೆ. ಅಧ್ಯಕ್ಷರು ಕೈಯನ್ನು ಮಡಿಲಿಗೆ ತಂದುಕೊಂಡರು.

ಹುಡುಗಿಯರು ಹೋದ ಮೇಲೆ ಅವರು ಸುತ್ತು ಬಳಸಲಿಲ್ಲ. "ನನ್ನ ಕಾಫಿ ನನ್ನ ಹೆಸರಿಗೆ ಬರೋ ಹಾಗೆ ಮಾಡಿ ಟೀಚರೇ."

"ನಿಮ್ದು ಒಬ್ರದ್ದೇ ಅಲ್ಲ. ಶೆಟ್ರದ್ದೂ ಹೋಗಿದೆ. ಅವ್ರಿಗೆ ಯಾರೂ ಶಾಲು ಹೊದಿಸ್ಲಿಲ್ಲ, ಹಾಗಾಗಿ ಗೊತ್ತಾಗ್ಲಿಲ್ಲ."

"ಎಷ್ಟು ದಿನ ಬೇಕು?"

"ಸರಿ ಆಗೋಷ್ಟು."

ಅಧ್ಯಕ್ಷರು ಎದ್ದರು. ಬಾಗಿಲ ಬಳಿ ನಿಂತು, ಮೊನ್ನೆ ಕೋಣೆಯ ವಿಷಯ ಎತ್ತಿದ್ದೆನಲ್ಲ ಎಂದು ಶುರು ಮಾಡಿದರು. ಟೀಚರ್ ಅವರನ್ನು ಮುಗಿಸಲು ಬಿಡಲಿಲ್ಲ. "ಅದನ್ನ ಇವತ್ತು ಮಾತಾಡೋದು ಬೇಡ. ಆಮೇಲೆ ಕೋಣೆಗೋಸ್ಕರ ಸಹಿ ಹಾಕಿದ್ಲು ಅಂತ ಆಗ್ತದೆ." ಅಧ್ಯಕ್ಷರು ಮತ್ತೆಂದೂ ಆ ಮಾತೆತ್ತಲಿಲ್ಲ. ಬೆಂಗಳೂರಿಗೆ ಅವರೇ ಫೋನ್ ಮಾಡಿ ನಮ್ಮ ಬಾಸ್ ಹತ್ತಿರ ಏನು ಹೇಳಿದರೋ... ಪ್ರೋಗ್ರಾಂನ ಬುಡ ಬದಲಿಸಲು ಒಬ್ಬರು ಮೊದಲ ಬಸ್ಸಿಗೇ ಬಂದಿಳಿದರು.

ಪರಿಹಾರ ಸುಲಭವಾಗಿತ್ತು: ಪ್ರತಿ ಬೆಳೆಗಾರರಿಗೂ ಒಂದು ನಂಬರು. ಮನುಷ್ಯರಿಗೆ ನಂಬರು ಕೊಡುವುದು ಜೈಲಿನಲ್ಲಿ ಎಂದು ಟೀಚರ್ ತಕರಾರು ತೆಗೆದರು. ಕೊನೆಗೆ, ನಂಬರು ಯಂತ್ರದ ಒಳಗೆ ಮಾತ್ರ ಇರಲಿ, ಕಾಗದದ ಮೇಲೆ ಪೂರ್ತಿ ಹೆಸರು, ತಂದೆಯ ಹೆಸರು, ಊರು ಬರಬೇಕು ಎಂದು ರಾಜಿಯಾಯಿತು. ಮತ್ತೆ ಹೊಸ ಹಾಳೆ. ಮತ್ತೆ ಬಿಸ್ಕತ್ತಿನ ಡಬ್ಬ. ಕಾಫಿ ಕುಯ್ಲು ಶುರುವಾಗುವ ಮೊದಲು ಲಕ್ಷ್ಮೀನಾರಾಯಣರು ಮೂವರೂ ಬೇರೆ ಬೇರೆಯಾಗಿ, ತಮ್ಮ ತಮ್ಮ ಮೂಟೆಗಳೊಂದಿಗೆ ಕಾಗದದ ಮೇಲೆ ಬಂದರು. ಆಗಲೂ ಪರದೆಯ ಮೇಲಿನ ಒಂದು ಇಂಗ್ಲಿಷ್ ಪದದಲ್ಲಿ ಅಕ್ಷರ ಹಿಂದುಮುಂದಾಗಿದೆ ಎಂದು ಟೀಚರ್ ಒಂದು ದಿನ ತಡೆದರು. ಅದನ್ನು ತಿದ್ದಿದ ಮೇಲೆ, ತಮ್ಮ ಪೂರ್ತಿ ಹೆಸರನ್ನು ನಿಧಾನವಾಗಿ, ಓದಲು ಬರುವ ಹಾಗೆ ಬರೆದು ಸಹಿ ಹಾಕಿದರು.

ಹೊರಡುವ ದಿನ, ತುಂಬ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಬಿಟ್ಟೆ. ಈ ಯಂತ್ರ ಬಂದರೆ ಮುಂದೆ ಟೈಪಿಂಗ್ ಕಲಿಯುವವರು ಕಡಿಮೆಯಾಗುತ್ತಾರಲ್ಲ ಟೀಚರ್, ಗೊತ್ತಿದ್ದೂ ಇಷ್ಟೆಲ್ಲ ಕಷ್ಟಪಟ್ಟಿರಲ್ಲ ಎಂದು. ಅವರು ನನ್ನ ಬ್ಯಾಗಿಗೆ ಹಲಸಿನ ಹಪ್ಪಳದ ಪೊಟ್ಟಣ ತುರುಕುತ್ತಿದ್ದರು.

"ಬರೋದು ಬರ್ಲಿ ಮಾರಾಯ್ತಿ" ಎಂದರು. "ತಪ್ಪಾಗಿ ಬರೋದು ಬೇಡ."

ನಾನು ಕಾಯಂ ಆದೆ. ಮುಂದೆ ಇಡೀ ವೃತ್ತಿಯನ್ನು ಬೇರೆಯವರ ತಪ್ಪು ಹುಡುಕುವುದರಲ್ಲೇ ಕಳೆದೆ, ಅದಕ್ಕೆ ಒಳ್ಳೆಯ ಹೆಸರೂ ಬಂತು. ಮೂಡಿಗೆರೆಯಲ್ಲಿ ನಾನು ಊಹಿಸಿದ್ದೇ ಆಯಿತು. ಶಿಷ್ಯರು ಕಡಿಮೆಯಾಗುತ್ತ ಬಂದು, ಒಂದು ವರ್ಷ ಯಾರೂ ಬರಲಿಲ್ಲ. ಅವರು ಅದನ್ನು ನನಗೆ ಹೇಳಿದ್ದು ಮಳೆ ಹೆಚ್ಚಾಯಿತು ಎಂದು ಹೇಳುವ ದನಿಯಲ್ಲಿ. ನಾನು ಹೋಗುವುದೂ ಕಡಿಮೆಯಾಯಿತು... ವರ್ಷಕ್ಕೊಮ್ಮೆ, ಆಮೇಲೆ ಫೋನು ಮಾತ್ರ.

ಅವರು ತೀರಿಕೊಂಡ ಸುದ್ದಿ ಬಂದಾಗ ಹೊರಟೆ. ಸೊಸೈಟಿಯ ಅಂಗಳದಲ್ಲೇ ಸಂತಾಪ ಸಭೆ. ತಲೆ ನರೆತ ರೈಟರುಗಳು, ಅಜ್ಜಿಯರಾದ ಹುಡುಗಿಯರು ತುಂಬಿದ್ದರು. ವೇದಿಕೆಯ ಹಿಂದೆ ಟೀಚರ ದೊಡ್ಡ ಫೋಟೋ ಇದ್ದ ಫ್ಲೆಕ್ಸ್ ಕಟ್ಟಿದ್ದರು. ಅದರ ಕೆಳಗೆ ಕೊಳಗದಷ್ಟು ದೊಡ್ಡ ಅಕ್ಷರಗಳಲ್ಲಿ 'ಭಾವಪೂರ್ಣ ಶೃದ್ಧಾಂಜಲಿ' ಎಂದಿತ್ತು. ಜನ ಕೂರುತ್ತಿರಲಿಲ್ಲ. ಎಲ್ಲರೂ 'ಶ್ರ' ಇರಬೇಕಾದಲ್ಲಿ ಬಂದಿದ್ದ ಆ 'ಶೃ' ಅಕ್ಷರವನ್ನೇ ನೋಡುತ್ತ, ಕಾಲು ಬದಲಿಸುತ್ತ ನಿಂತಿದ್ದರು. ಅಧ್ಯಕ್ಷರನ್ನು ಮೊಮ್ಮಗಳು ಕೈಹಿಡಿದು ಕರೆತಂದಳು, ಕಣ್ಣು ಮಂದವಾಗಿತ್ತು. ಅವರು ಫ್ಲೆಕ್ಸಿನ ಹತ್ತಿರಕ್ಕೆ ಹೋಗಿ, ಮುಖವನ್ನು ಅದಕ್ಕೆ ಒತ್ತುವಷ್ಟು ಸಮೀಪ ತಂದು ಓದಿದರು.

"ಇಳ್ಸಿ ಇದನ್ನ" ಎಂದರು. "ಸರಿಯಾಗಿ ಬರೆಸ್ಕೊಂಡು ಬನ್ನಿ. ಅಲ್ಲಿವರೆಗೆ ಸಭೆ ಇಲ್ಲ."

ಜೀಪಿನಲ್ಲಿ ಯಾರೋ ಹೋದರು. ಬೇರೆ ಫ್ಲೆಕ್ಸ್ ಬರುವವರೆಗೆ ಅಷ್ಟೂ ಜನ ಬಿಸಿಲಿನಲ್ಲಿ ಕಾದೆವು. ಬಂದದ್ದನ್ನು ಕಟ್ಟುವ ಮೊದಲು ನೆಲದ ಮೇಲೆ ಹಾಸಿ ಎಲ್ಲರೂ ಬಗ್ಗಿ ಓದಿದರು. ಸರಿಯಿತ್ತು. ಆಗ ಮೊದಲ ಸಲ ಯಾರೋ ಅತ್ತದ್ದು ಕೇಳಿಸಿತು.

ಈಗಲೂ ಅಪರೂಪಕ್ಕೆ ಆ ಕಡೆ ಹೋದರೆ ಬಸ್ ಸ್ಟ್ಯಾಂಡಿನಿಂದ ಅಂಗಡಿ ಬೋರ್ಡುಗಳನ್ನು ಓದುತ್ತಲೇ ನಡೆಯುತ್ತೇನೆ. ತಪ್ಪುಗಳು ಬೇಕಾದಷ್ಟಿವೆ. ಒಂದೊಂದು ಕಂಡಾಗಲೂ ತೋರಿಸಲು ಪಕ್ಕಕ್ಕೆ ತಿರುಗುತ್ತೇನೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ.